ಕ್ಯಾಮೆರಾ ಹಾಕಿದ ತಾರೀಖು

ಕಳೆದ ತಿಂಗಳು ಕೆಮ್ಮಣ್ಣು ಊರಿನ ನಮ್ಮ ಮನೆಯ ಅಟ್ಟ ಗುಡಿಸಲು ಹತ್ತಿದಾಗ ಒಂದು ಬಿಸ್ಕತ್ತಿನ ಡಬ್ಬ ಸಿಕ್ಕಿತು. ಮುಚ್ಚಳ ತೆಗೆದ ಕೂಡಲೇ ಹಳೆಯ ಸೆಲ್ಲಿನ ವಾಸನೆ ಮೂಗಿಗೆ ಬಡಿಯಿತು. ಟಾರ್ಚಿನ ಸೆಲ್ಲು ಸೋರಿ ಒಣಗಿದರೆ ಬರುತ್ತದಲ್ಲ, ಹುಳಿಯೂ ಅಲ್ಲದ ತುಕ್ಕೂ ಅಲ್ಲದ ವಾಸನೆ, ಅದು. ಡಬ್ಬದ ಒಂದು ಮೂಲೆಯಲ್ಲಿ ಕಾಗದದಲ್ಲಿ ಸುತ್ತಿದ ಎರಡು ಸೆಲ್ಲುಗಳಿದ್ದವು. ಅವುಗಳಿಂದ ಸಾಕಷ್ಟು ದೂರದಲ್ಲಿ, ಅಮ್ಮನ ಹಳೆಯ ಸೀರೆಯ ತುಂಡಿನಲ್ಲಿ, ನನ್ನ ಕ್ಯಾಮೆರಾ ಇತ್ತು. ಸೆಲ್ಲುಗಳು ಸೋರಿ ಕಾಗದವನ್ನೆಲ್ಲ ತಿಂದುಹಾಕಿದ್ದವು. ಕ್ಯಾಮೆರಾಕ್ಕೆ ಏನೂ ಆಗಿರಲಿಲ್ಲ.

ಅಂಗಡಿಯಿಂದ ಹೊಸ ಸೆಲ್ಲು ತಂದು ಹಾಕಿದೆ. ಚಿಕ್ಕದೊಂದು ಸದ್ದು ಮಾಡಿ ಲೆನ್ಸು ಹೊರಗೆ ಬಂತು, ಹೆಬ್ಬೆರಳಿನಷ್ಟು ಅಗಲದ ಪರದೆ ಬೆಳಗಿತು. ಇವತ್ತು ತಾರೀಖು ಎಷ್ಟು ಎಂದು ಅದು ಕೇಳಿತು. ಕೇಳಿ ತಾನೇ ಒಂದು ಉತ್ತರವನ್ನೂ ಮುಂದಿಟ್ಟಿತು: 01.01.2006. ಇಷ್ಟು ವರ್ಷ ಕಳೆದರೂ ಅದಕ್ಕೆ ಗೊತ್ತಿರುವ ದಿನ ಅದೊಂದೇ. ಆ ತಾರೀಖಿನ ದೆಸೆಯಿಂದ ಒಮ್ಮೆ ನನ್ನ ಗೆಳತಿಯ ಓದು ನಿಲ್ಲುವುದರಲ್ಲಿತ್ತು, ಮತ್ತು ಅದಕ್ಕೆ ಕಾರಣ ನಾನು.

ಅದು ಎರಡು ಸಾವಿರದ ಆರನೆಯ ಇಸವಿಯ ಮಳೆಗಾಲ. ನಾನು ಮತ್ತು ಶೋಭಾ ಕಾರ್ಕಳದ ಹತ್ತಿರದ ನಿಟ್ಟೆಯಲ್ಲಿ ಎಂಜಿನಿಯರಿಂಗ್ ಎರಡನೆಯ ವರ್ಷ ಮುಗಿಸುತ್ತಿದ್ದೆವು, ಹಾಸ್ಟೆಲಿನಲ್ಲಿ ಒಂದೇ ಕೋಣೆ. ಅವಳು ಮಲ್ಪೆಯವಳು. ತಂದೆ ಸಂಜೀವಣ್ಣ ಟ್ರಾಲರ್ ದೋಣಿಯಲ್ಲಿ ತಾಂಡೇಲ, ಅಂದರೆ ದೋಣಿ ನಡೆಸುವವರು. ನಾನು ಅಲ್ಲಿಂದ ಹೆಚ್ಚು ದೂರವಿಲ್ಲದ ಕೆಮ್ಮಣ್ಣಿನವಳು, ಮನೆಯಲ್ಲಿ ಕೊಂಕಣಿ ಮಾತಾಡುವ ಕ್ರಿಸ್ತುವರ ಹುಡುಗಿ. ನಾವಿಬ್ಬರೂ ತುಳುವಿನಲ್ಲಿ ಜಗಳವಾಡುತ್ತಿದ್ದೆವು, ಕನ್ನಡದಲ್ಲಿ ರಾಜಿಯಾಗುತ್ತಿದ್ದೆವು.

ಆ ಜೂನ್ ತಿಂಗಳಲ್ಲಿ ದುಬೈಯಿಂದ ಬಂದ ನನ್ನ ಮಾವ ಒಂದು ಡಿಜಿಟಲ್ ಕ್ಯಾಮೆರಾ ತಂದುಕೊಟ್ಟರು. ಐದು ಮೆಗಾಪಿಕ್ಸೆಲ್. ಮೆಗಾಪಿಕ್ಸೆಲ್ ಎಂದರೆ ಏನೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲವಾದರೂ ಐದು ಎಂದಾಗ ಎಲ್ಲರೂ ತಲೆಯಾಡಿಸಿದೆವು. ಮಾವನೇ ತಾರೀಖು ಹೊಂದಿಸಿ, ಫೋಟೋದ ಬಲಮೂಲೆಯಲ್ಲಿ ಕಿತ್ತಳೆ ಬಣ್ಣದ ಅಂಕೆಗಳು ಬೀಳುವಂತೆ ಮಾಡಿಕೊಟ್ಟರು. ಸ್ಟುಡಿಯೋದ ಫೋಟೋಗಳಲ್ಲಿ ಹಾಗೆ ತಾರೀಖು ಇರುತ್ತಿದ್ದುದರಿಂದ ನಮಗೆ ಅದಿಲ್ಲದ ಫೋಟೋ ಫೋಟೋ ಎಂದೇ ಅನ್ನಿಸುತ್ತಿರಲಿಲ್ಲ.

ಮಾವ ಗೇಟು ದಾಟುತ್ತಿದ್ದಂತೆ ಅಮ್ಮ ಕೇಳಿದಳು, "ಅದರಲ್ಲಿ ಸೆಲ್ಲು ಉಂಟಾ?"

"ಎರಡು ಉಂಟು."

"ತೆಗೆದಿಡು ಮತ್ತೆ."

ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಕಡೆ ಉಪ್ಪುಗಾಳಿ. ಸೆಲ್ಲನ್ನು ಒಳಗೇ ಬಿಟ್ಟರೆ ಒಂದು ಮಳೆಗಾಲ ಸಾಕು, ಟಾರ್ಚಿನ ಸ್ಪ್ರಿಂಗು ಹಸಿರುಗಟ್ಟಿ ಮುಗಿಯಿತು. ಅದಕ್ಕೇ ಪ್ರತಿ ಮನೆಯಲ್ಲಿಯೂ ಟಾರ್ಚು ಮೊಳೆಗೆ ನೇತಾಡುತ್ತಿರುತ್ತದೆ, ಸೆಲ್ಲುಗಳು ದೇವರ ಪಟದ ಹಿಂದೆಯೋ ಸಕ್ಕರೆ ಡಬ್ಬದ ಪಕ್ಕವೋ ಇರುತ್ತವೆ. ಕರೆಂಟು ಹೋದರೆ ಮೊದಲು ಬೆಂಕಿಕಡ್ಡಿ ಗೀರಿ ಸೆಲ್ಲು ಹುಡುಕುವುದು, ಆಮೇಲೆ ಟಾರ್ಚು ಹಾಕುವುದು. ಹೊರಗಿನವರಿಗೆ ಇದು ತಮಾಷೆಯಾಗಿ ಕಾಣುತ್ತದೆ. ನಮಗೆ ಊಟವಾದ ಮೇಲೆ ಕೈತೊಳೆದಷ್ಟೇ ಸಹಜ.

ಹಾಗಾಗಿ ಫೋಟೋ ತೆಗೆದು ಮುಗಿದ ಕೂಡಲೇ ನಾನು ಕ್ಯಾಮೆರಾದ ಹೊಟ್ಟೆ ಬಿಚ್ಚಿ ಸೆಲ್ಲು ತೆಗೆಯುತ್ತಿದ್ದೆ. ನಿಟ್ಟೆ ಕಡಲಿನಿಂದ ದೂರ, ಗುಡ್ಡದ ಕಡೆ. ಆದರೂ ಅಲ್ಲಿಯೂ ತೆಗೆಯುತ್ತಿದ್ದೆ.

"ನಿಟ್ಟೆಯಲ್ಲಿ ಎಂತ ಉಪ್ಪುಗಾಳಿ ಮಾರಾಯ್ತಿ?" ಎಂದು ಶೋಭಾ ನಗುತ್ತಿದ್ದಳು. "ಉಪ್ಪು ಬೇಕಾದರೆ ಮೆಸ್ಸಿನ ಸಾರಿನಲ್ಲಿ ಉಂಟು."

ಸೆಲ್ಲಿಲ್ಲದೆ ಎರಡು ಮೂರು ದಿನ ಕಳೆದರೆ ಕ್ಯಾಮೆರಾ ತಾರೀಖು ಮರೆಯುತ್ತದೆಂದು ನನಗೆ ತಿಳಿದಿರಲಿಲ್ಲ. ಪ್ರತಿ ಸಲ ಹಾಕುವಾಗ ಏನೋ ಕೇಳುತ್ತಿತ್ತು, ನಾನು ಓಕೆ ಒತ್ತುತ್ತಿದ್ದೆ. ಕಂಪ್ಯೂಟರಿನ ಮುಂದೆ ಕುಳಿತು ನಾವೆಲ್ಲ ಕಲಿತ ಮೊದಲ ವಿದ್ಯೆಯೇ ಅದಲ್ಲವೇ, ಕೇಳಿದ್ದಕ್ಕೆಲ್ಲ ಓಕೆ ಒತ್ತುವುದು. ಮೂಲೆಯ ಅಂಕೆಗಳ ಕಡೆಗೆ ನನ್ನ ಕಣ್ಣು ಹೋಗಲೇ ಇಲ್ಲ. ನನಗೆ ಬೇಕಿದ್ದದ್ದು ಅಂಕೆಗಳು ಅಲ್ಲಿರುವುದು, ಅವು ಏನು ಹೇಳುತ್ತವೆ ಎಂಬುದಲ್ಲ.

ಆ ವರ್ಷದ ಆರಂಭದ ಒಂದು ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅದರ ಹಿಂದಿನ ಡಿಸೆಂಬರಿನಲ್ಲಿ ಶೋಭಾಳ ಅಜ್ಜಿ, ಸಂಜೀವಣ್ಣನ ತಾಯಿ, ತೀರಿಕೊಂಡರು. ತಾಯಿ ಮೀನು ಮಾರಲು ಹೋಗುತ್ತಿದ್ದರಿಂದ ಅವಳನ್ನು ಸಾಕಿದ್ದು ಅಜ್ಜಿಯೇ. ಹಾಸ್ಟೆಲಿಗೆ ಬಿಡಲು ಬಂದ ದಿನ ನಮ್ಮ ಕೋಣೆಯ ಮಂಚವನ್ನು ಕೈಯಿಂದ ಅಲುಗಾಡಿಸಿ ಗಟ್ಟಿಯಿದೆಯೆಂದು ಖಾತ್ರಿ ಮಾಡಿಕೊಂಡೇ ಹೊರಟಿದ್ದ ಮುದುಕಿ. ಸಾವಿನ ದಿನ ಶೋಭಾ ಊರಿಗೆ ಹೋಗಿ ಬಂದಳು. ಬೊಜ್ಜ, ಅಂದರೆ ಸತ್ತವರನ್ನು ಕಳುಹಿಸಿಕೊಡುವ ಕೊನೆಯ ಕ್ರಿಯೆ, ಜನವರಿ ಒಂದಕ್ಕೆ ಗೊತ್ತಾಯಿತು. ಎರಡನೆಯ ತಾರೀಖು ಅವಳಿಗೆ ಗಣಿತದ ಪರೀಕ್ಷೆ. ಸಂಜೀವಣ್ಣ ಹಾಸ್ಟೆಲಿಗೆ ಫೋನು ಮಾಡಿ, ಅಜ್ಜಿಗೆ ನಿನ್ನ ಓದೇ ದೊಡ್ಡದಾಗಿತ್ತು, ಬರುವುದು ಬೇಡ, ಪರೀಕ್ಷೆ ಬರೆ ಎಂದರು. ಅಣ್ಣ ಸುಧಾಕರನಿಗೆ ಅದು ಸರಿಕಾಣಲಿಲ್ಲವಂತೆ. ಅಜ್ಜಿ ಸಾಕಿದ ಮಗುವೇ ಇಲ್ಲದೆ ಎಂತ ಬೊಜ್ಜ ಎಂದು ಅವನು ಮನೆಯಲ್ಲಿ ದೊಡ್ಡ ಗಲಾಟೆ ಮಾಡಿದ್ದ.

ಜನವರಿ ಒಂದರಂದು ಶೋಭಾ ಇಡೀ ದಿನ ಗಣಿತದ ಪುಸ್ತಕ ತೆರೆದಿಟ್ಟುಕೊಂಡು ಅದೇ ಮಂಚದ ಮೇಲೆ ಕುಳಿತಿದ್ದಳು. ಪುಟ ಮಗುಚಿದ್ದು ನಾನು ನೋಡಲಿಲ್ಲ. ಮರುದಿನ ಪರೀಕ್ಷೆಯಲ್ಲಿ ಹೆಸರು, ನಂಬರು ಬರೆದು ಸುಮ್ಮನೆ ಕೂತು ಎದ್ದುಬಂದಳು. ಫೇಲಾಯಿತು. ಮನೆಯಲ್ಲಿ ಪಾಸು ಎಂದು ಹೇಳಿದಳು. ಅಜ್ಜಿಯ ಬೊಜ್ಜ ಬಿಟ್ಟು ಬರೆದ ಪರೀಕ್ಷೆ ಫೇಲು ಎಂದು ಯಾವ ಬಾಯಲ್ಲಿ ಹೇಳಲಿ ಲವೀನಾ ಎಂದು ನನ್ನನ್ನು ಕೇಳಿದಳು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಜುಲೈಯಲ್ಲಿ ಆ ಗಣಿತವನ್ನು ಅವಳು ಮತ್ತೆ ಬರೆದಳು. ನಮ್ಮೆಲ್ಲರ ಪರೀಕ್ಷೆಗಳು ಮುಗಿದ ಮೇಲೆ ಕೊನೆಗೆ ಉಳಿದದ್ದು ಅವಳ ಆ ಒಂದು ಪೇಪರು. ಅವಳಿಗೋಸ್ಕರ ನಾನೂ ಹಾಸ್ಟೆಲಿನಲ್ಲಿ ಉಳಿದೆ. ನಮ್ಮ ತರಗತಿಯ ಬಸವರಾಜನಿಗೂ ಅದೇ ಪೇಪರು ಬಾಕಿಯಿತ್ತು. ಅವನ ಅಪ್ಪ ಬಾದಾಮಿ ಕಡೆಯಿಂದ ಬಂದು ಮಣಿಪಾಲದಲ್ಲಿ ಕಟ್ಟಡ ಕಟ್ಟುವ ಮೇಸ್ತ್ರಿ. ಮಗ ಅಜ್ಜನ ಊರಿನಲ್ಲೇ ಬೆಳೆದು ಕಾಲೇಜಿಗೆಂದು ಈ ಕಡೆ ಬಂದವನು. ಪರೀಕ್ಷೆ ಮುಗಿಸಿ ಹೊರಬಂದ ಶೋಭಾ ಪ್ರಶ್ನೆಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ತುರುಕಿ, "ಈ ಸಲ ಹೋಗ್ತದೆ" ಎಂದಳು. ಆರು ತಿಂಗಳಲ್ಲಿ ಅವಳ ಮುಖ ಅಷ್ಟು ಹಗುರಾಗಿದ್ದನ್ನು ನಾನು ಕಂಡಿರಲಿಲ್ಲ.

ಮರುದಿನ ಮೂವರೂ ಕಾಪುವಿಗೆ ಹೋದೆವು. ಬಸವರಾಜ ಮಳೆಗಾಲದ ಕಡಲು ನೋಡಿಲ್ಲ ಎಂಬುದು ನೆಪ, ನನ್ನ ಕ್ಯಾಮೆರಾಕ್ಕೆ ಕೆಲಸ ಕೊಡಬೇಕೆಂಬುದು ಕಾರಣ. ಬೆಳ್ಮಣ್ಣು, ಪಡುಬಿದ್ರೆ ದಾಟುವವರೆಗೂ ಬಸ್ಸಿನ ಟಾರ್ಪಾಲು ಪರದೆಯಿಂದ ನೀರು ತೊಡೆಯ ಮೇಲೆ ಸುರಿಯುತ್ತಿತ್ತು. ಕಾಪುವಿನಲ್ಲಿ ಇಳಿದಾಗ ನಮ್ಮ ಪುಣ್ಯಕ್ಕೆ ಮಳೆ ಒಂದು ಗಂಟೆ ಬಿಡುವು ಕೊಟ್ಟಿತು. ಲೈಟ್‌ಹೌಸಿನ ಬಂಡೆಯನ್ನು ಸುತ್ತಲಿಂದಲೂ ನೀರು ಬಡಿಯುತ್ತಿದ್ದರಿಂದ ಹತ್ತಿರ ಹೋಗುವಂತಿರಲಿಲ್ಲ. ಬಸವರಾಜ ಪ್ಯಾಂಟು ಮಡಚಿಕೊಂಡು ತೆರೆಯ ಅಂಚಿನಲ್ಲಿ ನಿಂತ. ಆಮೇಲೆ, "ಇಷ್ಟ್ ನೀರ್ ಐತಿ, ಒಂದ್ ಹನಿ ಕುಡ್ಯಾಕ ಬರಂಗಿಲ್ಲ. ನಮ್ಮೂರಾಗ ಹೇಳಿದ್ರ ನನ್ನ ಬೈತಾರ" ಎಂದ.

ತೆಂಗಿನ ಮರಗಳ ಕೆಳಗೆ ಎಳೆದಿಟ್ಟ ಒಂದು ದೋಣಿಯ ಪಕ್ಕ ಇಬ್ಬರನ್ನೂ ನಿಲ್ಲಿಸಿದೆ. ಬಸವರಾಜ ದೋಣಿಯ ಕಡೆ ಕೈ ತೋರಿಸಿ ಏನೋ ಕೇಳಿದ. ಗಾಳಿಗೆ ನನಗೆ ಕೇಳಿಸಲಿಲ್ಲ. ಶೋಭಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಹೊತ್ತಿಗೆ ಸರಿಯಾಗಿ ನಾನು ಗುಂಡಿ ಒತ್ತಿದೆ. ನಾನು ತೆಗೆದ ಫೋಟೋಗಳಲ್ಲೇ ಅದು ಚೆನ್ನಾದದ್ದು. ಫೋಟೋ ತೆಗೆಯುವವರು ಫೋಟೋದಲ್ಲಿ ಇರುವುದಿಲ್ಲ ಎಂಬುದೊಂದೇ ಅದರ ದೋಷ. ನೋಡಿದವರಿಗೆ ಅಲ್ಲಿರುವುದು ಒಬ್ಬ ಹುಡುಗ, ಒಬ್ಬ ಹುಡುಗಿ, ಕಡಲು ಮತ್ತು ನಗು.

ಆಗ ಆರ್ಕುಟ್ ಎಂಬ ಜಾಲತಾಣದ ಕಾಲ. ಒಬ್ಬರಿಗೆ ಬಂದ ಸಂದೇಶಗಳ ಸ್ಕ್ರಾಪ್‌ಬುಕ್ಕನ್ನು ಇನ್ನೊಬ್ಬರು ನೆರೆಮನೆಯ ಬಾವಿ ಇಣುಕಿದಂತೆ ಇಣುಕುತ್ತಿದ್ದೆವು. ಆಲ್ಬಮ್ಮಿನಲ್ಲಿ ಹನ್ನೆರಡು ಫೋಟೋಗಳಿಗೆ ಮಾತ್ರ ಜಾಗ. ರಜೆಗೆ ಮನೆಗೆ ಬಂದ ನಾನು ಉಡುಪಿಯ ಒಂದು ಸೈಬರ್ ಕೆಫೆಯಲ್ಲಿ, ಎದೆಯೆತ್ತರದ ಪ್ಲೈವುಡ್ ಗೂಡಿನೊಳಗೆ ಕುಳಿತು, ಹನ್ನೆರಡನ್ನು ಆರಿಸಿ ಏರಿಸಿದೆ. ಹಸಿರು ಪಟ್ಟಿ ತುದಿ ಮುಟ್ಟುವವರೆಗೆ ಉಸಿರು ಬಿಗಿಹಿಡಿದಿದ್ದೆ. ಕಾಪುವಿನ ಫೋಟೋ ಎಲ್ಲಕ್ಕಿಂತ ಮೊದಲು ಹೋಯಿತು.

ಶೋಭಾಳ ಅಣ್ಣ ಸುಧಾಕರನಿಗೆ ಮಲ್ಪೆಯಲ್ಲಿ ಮೊಬೈಲಿನ ಅಂಗಡಿ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಇಟ್ಟುಕೊಂಡು ರಿಂಗ್‌ಟೋನ್ ತುಂಬಿಸಿ ಕೊಡುತ್ತಿದ್ದ, ಪಾಸ್‌ಪೋರ್ಟ್ ಅಳತೆಯ ಫೋಟೋ ಮಾಡುತ್ತಿದ್ದ. ಮನೆತನದಲ್ಲಿ ಕಡಲು ಬಿಟ್ಟು ಬದುಕಿದ ಮೊದಲನೆಯವನು. ಕಂಪ್ಯೂಟರ್ ಎಂದರೆ ಅವನಿಗೆ ಬಹಳ ಮರ್ಯಾದೆ, ದಿನಾ ಬೆಳಿಗ್ಗೆ ಅದಕ್ಕೆ ಊದುಬತ್ತಿ ಹಚ್ಚುತ್ತಿದ್ದ. ಆರ್ಕುಟ್‌ನಲ್ಲಿ ಅವನು ನನ್ನ ಗೆಳೆಯರ ಪಟ್ಟಿಯಲ್ಲಿದ್ದ, ತನ್ನದಲ್ಲದ ಒಂದು ಬೈಕಿನ ಚಿತ್ರ ಹಾಕಿಕೊಂಡು. ಸೇರಿಸಿಕೊಳ್ಳಲೇ ಎಂದು ಕೇಳಿದಾಗ ನಾನು ಅಲ್ಲಿಯೂ ಓಕೆ ಒತ್ತಿದ್ದೆ.

ನಾಲ್ಕು ದಿನಗಳ ಮೇಲೆ ಶೋಭಾಳ ಫೋನು ಬಂತು.

"ಕಾಪುವಿನ ಫೋಟೋಕ್ಕೆ ತಾರೀಖು ಎಂತ ಬಿದ್ದಿದೆ ನೋಡಿದ್ದೀಯಾ?"

"ಇಲ್ಲ, ಯಾಕೆ?"

"ಜನವರಿ ಒಂದು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಪರೀಕ್ಷೆಯೆಂದು ಹೇಳಿ ಅಜ್ಜಿಯ ಬೊಜ್ಜ ತಪ್ಪಿಸಿದ ಮೊಮ್ಮಗಳು ಅದೇ ದಿನ ಕಾಪುವಿನಲ್ಲಿ ಹುಡುಗನ ಜೊತೆ ಹಲ್ಲು ಬಿಟ್ಟು ನಿಂತಿದ್ದಾಳೆ. ಕಿತ್ತಳೆ ಬಣ್ಣದಲ್ಲಿ ಹಾಗೆಂದು ಬರೆದಿದೆ.

"ಸುಧಣ್ಣ ಪ್ರಿಂಟು ತೆಗೆದು ಮನೆಗೆ ತಂದ. ಅಪ್ಪ ಎರಡು ದಿನದಿಂದ ನನ್ನ ಹತ್ತಿರ ಮಾತಾಡ್ಲಿಲ್ಲ" ಎಂದಳು. ಅವಳು ಅಳುತ್ತಿರಲಿಲ್ಲ, ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. "ಹಾಸ್ಟೆಲು ಬೇಡ, ಕಾಲೇಜೂ ಬೇಡ, ಅಂಗಡಿಯಲ್ಲಿ ಕೂತರೆ ಸಾಕು ಅಂತಾನೆ ಸುಧಣ್ಣ. ಸೋಮವಾರ ಕಾಲೇಜು ಶುರು ಅಲ್ವಾ?"

ಆ ರಾತ್ರಿ ಕ್ಯಾಮೆರಾದ ಜೊತೆಗೆ ಬಂದ ಪುಸ್ತಕವನ್ನು ಮೊದಲ ಬಾರಿಗೆ ಓದಿದೆ. ಸೆಲ್ಲು ತೆಗೆದಿಟ್ಟರೆ ಗಡಿಯಾರ ಮೊದಲಿನ ದಿನಕ್ಕೆ ಮರಳುತ್ತದೆ ಎಂದು ಅದರಲ್ಲಿ ಸ್ಪಷ್ಟವಾಗಿಯೇ ಇತ್ತು. ನೋಡಿದರೆ ನನ್ನ ಎಲ್ಲ ಫೋಟೋಗಳೂ ಜನವರಿ ಒಂದರವು. ಜೂನಿನ ಕೊನೆಗೆ ಮಾವನನ್ನು ದುಬೈಗೆ ಬೀಳ್ಕೊಟ್ಟದ್ದು, ಅಮ್ಮ ಹಲಸಿನ ಹಪ್ಪಳ ಒಣಗಿಸಿದ್ದು, ಹಾಸ್ಟೆಲಿನ ನಾಯಿಮರಿಗಳು, ಎಲ್ಲವೂ ಒಂದೇ ದಿನ. ಮನಸ್ಸಿಗೆ ಸಮಾಧಾನವಾಯಿತು. ಬೆಳಿಗ್ಗೆ ಸೆಲ್ಲು ಹಾಕಿ, ಅದು ತಾರೀಖು ಕೇಳಿದಾಗ ಮೊದಲ ಸಲ ಸರಿಯಾದ ಉತ್ತರ ಕೊಟ್ಟೆ. ನನ್ನ ಉಪಾಯ ಸರಳವಾಗಿತ್ತು. ಅವರ ಎದುರು ಇವತ್ತಿನ ತಾರೀಖು ತೋರಿಸುವುದು, ಸೆಲ್ಲು ತೆಗೆದು ಹಾಕುವುದು, ಜನವರಿ ಒಂದು ಬಂದುಬಿಡುತ್ತದೆ, ಮುಗಿಯಿತು.

ಮಲ್ಪೆಯಲ್ಲಿ ಇನ್ನೂ ಮೀನುಗಾರಿಕೆಯ ರಜೆ. ಬಂದರಿನಲ್ಲಿ ಟ್ರಾಲರುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು, ಐಸ್ ಪ್ಲಾಂಟಿನ ಸದ್ದೂ ಇರಲಿಲ್ಲ. ಶೋಭಾಳ ಮನೆಯ ಜಗಲಿಯಲ್ಲಿ ಸಂಜೀವಣ್ಣ ಬಲೆ ಹರಡಿಕೊಂಡು ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದರು. ನನ್ನನ್ನು ಕಂಡು, "ಬಾ" ಎಂದರು, ಅಷ್ಟೇ. ಗೋಡೆಯ ಮೊಳೆಯಲ್ಲಿ ಟಾರ್ಚು ನೇತಾಡುತ್ತಿತ್ತು. ಅದರ ಸೆಲ್ಲುಗಳು ಪಕ್ಕದ ಗೂಡಿನಲ್ಲಿದ್ದವು. ಶೋಭಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು, ಅವಳ ಹಿಂದೆ ಅವಳ ಅಮ್ಮ. ಸುಧಾಕರ ಅಂಗಡಿ ಬಿಟ್ಟು ನನಗೋಸ್ಕರವೇ ಮನೆಗೆ ಬಂದಿದ್ದ, ಕೈಯಲ್ಲಿ ಆ ಪ್ರಿಂಟು. ಪ್ರಿಂಟರಿನಲ್ಲಿ ನೀಲಿ ಶಾಯಿ ಮುಗಿದಿತ್ತೆಂದು ಕಾಣುತ್ತದೆ, ಕಡಲು ಚಹಾದ ಬಣ್ಣಕ್ಕೆ ತಿರುಗಿತ್ತು. ಕಿತ್ತಳೆಯ ಅಂಕೆಗಳು ಮಾತ್ರ ಚೆನ್ನಾಗಿ ಬಂದಿದ್ದವು.

ನಾನು ಎಲ್ಲವನ್ನೂ ಹೇಳಿದೆ. ಉಪ್ಪುಗಾಳಿ, ಸೆಲ್ಲು, ಗಡಿಯಾರ, ನನ್ನ ತಪ್ಪು. ಸುಧಾಕರ ಕೇಳಿಸಿಕೊಂಡ.

"ನೀನು ಅವಳ ಫ್ರೆಂಡು, ಹೇಳಿಯೇ ಹೇಳ್ತಿ" ಎಂದ. "ಮನುಷ್ಯರು ಎಂತ ಬೇಕಾದರೂ ಹೇಳಬಹುದು. ಕಂಪ್ಯೂಟರಿಗೆ ಇವಳ ಮೇಲೆ ದ್ವೇಷ ಉಂಟಾ?"

"ಕ್ಯಾಮೆರಾವೇ ಜೂನಿನಲ್ಲಿ ಬಂದದ್ದು."

"ಬಿಲ್ಲು ತೋರಿಸು."

ಮಾವ ತಂದ ಉಡುಗೊರೆಗೆ ಬಿಲ್ಲು ಎಲ್ಲಿಂದ ತರಲಿ. ಉಳಿದ ಫೋಟೋಗಳಲ್ಲೂ ಜನವರಿ ಒಂದೇ ಇದೆ ಎಂದರೆ, ಅವನ್ನೂ ಅದೇ ದಿನ ತೆಗೆದಿರಬಹುದು ಎಂದ. ಆದರೆ ನನ್ನ ಉಪಾಯವಿತ್ತಲ್ಲ. ಕ್ಯಾಮೆರಾ ಹೊರತೆಗೆದು ಅವನಿಗೆ ಇವತ್ತಿನ ತಾರೀಖು ತೋರಿಸಿದೆ. ಎಲ್ಲರ ಎದುರು ಸೆಲ್ಲು ತೆಗೆದೆ. ಹತ್ತು ಎಣಿಸಿ ಮತ್ತೆ ಹಾಕಿದೆ. ಪರದೆ ಬೆಳಗಿತು. ಏನನ್ನೂ ಕೇಳಲಿಲ್ಲ. ಇವತ್ತಿನ ತಾರೀಖೇ ಇತ್ತು.

ಇನ್ನೊಮ್ಮೆ ತೆಗೆದೆ. ಈ ಸಲ ಐದು ನಿಮಿಷ ಕಾದೆವು. ಶೋಭಾಳ ಅಮ್ಮ ಚಹಾ ತಂದಿಟ್ಟರು, ಯಾರೂ ಮುಟ್ಟಲಿಲ್ಲ. ಮತ್ತೆ ಹಾಕಿದರೆ ಮತ್ತೆ ಇವತ್ತಿನ ತಾರೀಖು. ಸೆಲ್ಲು ತೆಗೆದ ಮೇಲೂ ಗಡಿಯಾರ ಒಂದೆರಡು ದಿನ ತಾನೇ ಓಡುತ್ತದೆ ಎಂದು ಪುಸ್ತಕದ ಮುಂದಿನ ಸಾಲಿನಲ್ಲೇ ಇತ್ತು. ನನಗೆ ಬೇಕಾದ ಸಾಲು ಸಿಕ್ಕಿದ ಕೂಡಲೇ ನಾನು ಪುಸ್ತಕ ಮುಚ್ಚಿದ್ದೆ.

"ಆಯ್ತಲ್ವಾ?" ಎಂದ ಸುಧಾಕರ. ಅವನ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. ನನ್ನ ಮಾತು ನಿಜವಾಗಲಿ ಎಂದು ಅವನೂ ಒಳಗೊಳಗೆ ಆಸೆಪಟ್ಟಿದ್ದನೋ ಏನೋ. "ಬೊಜ್ಜದ ದಿನ ಅಜ್ಜಿಯ ಎಲೆಗೆ ಬಡಿಸುವಾಗ ನಾನು ಇವಳನ್ನು ನೆನೆಸಿ ಅತ್ತದ್ದು. ಪಾಪ, ಹಾಸ್ಟೆಲಿನಲ್ಲಿ ಒಬ್ಬಳೇ ಓದ್ತಾ ಇರ್ತಾಳೆ ಅಂತ. ಇಲ್ಲಿ ನೋಡಿದರೆ ಹೀಗೆ."

ನಾನು ಶೋಭಾಳ ಕಡೆ ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ. ಗಣಿತದ ವಿಷಯ ಹೇಳಿಬಿಡಲೇ ಎಂದು ನಾಲಗೆಯ ತುದಿಗೆ ಬಂತು. ಹೇಳಿದರೆ ಒಂದು ಸುಳ್ಳು ಬಯಲಾಗಿ ಅವಳು ಹೇಳುವುದೆಲ್ಲ ಸುಳ್ಳೇ ಎಂದಾಗುತ್ತಿತ್ತು. ಕ್ಯಾಮೆರಾ ಆರಿಸಿ ಮಡಿಲಲ್ಲಿಟ್ಟುಕೊಂಡೆ.

ಆಗ ಸಂಜೀವಣ್ಣ ಬಲೆ ಪಕ್ಕಕ್ಕಿಟ್ಟರು. "ಕೊಡು ಇಲ್ಲಿ" ಎಂದು ಕೈ ಚಾಚಿದರು. ಅಲ್ಲಿಯವರೆಗೆ ಅವರು ಆ ಫೋಟೋ ನೋಡಿಯೇ ಇರಲಿಲ್ಲ. ಮಗ ತಾರೀಖು ಓದಿ ಹೇಳಿದ್ದ, ಇವರು ಮುಖ ತಿರುಗಿಸಿದ್ದರು. ತಾಯಿಯ ಬೊಜ್ಜದ ದಿನ ಮಗಳು ನಗುವುದನ್ನು ಕಣ್ಣಾರೆ ಕಾಣುವುದು ಅವರಿಗೆ ಬೇಕಿರಲಿಲ್ಲ.

ಪ್ರಿಂಟನ್ನು ತೋಳಿನಷ್ಟು ದೂರ ಹಿಡಿದು ನೋಡಿದರು. ಬೆಳಕಿಗೆ ತಿರುಗಿಸಿದರು. ಅವರ ಕಣ್ಣು ಮಗಳ ಮೇಲೂ ಇರಲಿಲ್ಲ, ಹುಡುಗನ ಮೇಲೂ ಇರಲಿಲ್ಲ.

"ಈ ದೋಣಿ ಯಾರದ್ದು?"

"ಗೊತ್ತಿಲ್ಲ" ಎಂದೆ.

"ಮಡಲು ಹೊದೆಸಿದ್ದಾರೆ."

ಮಡಲೆಂದರೆ ಹೆಣೆದ ತೆಂಗಿನ ಗರಿ. ಹೌದು, ಫೋಟೋದಲ್ಲಿ ದೋಣಿಯ ಮೇಲೆ ಗರಿಯ ಹೊದಿಕೆಯಿತ್ತು.

"ಹಗ್ಗ ಹಾಯಿಸಿ ಕಲ್ಲು ಕಟ್ಟಿದ್ದಾರೆ, ಗಾಳಿಗೆ ಹಾರಬಾರದು ಅಂತ. ತೆಂಗಿನ ಬುಡದವರೆಗೆ ಎಳೆದು ತಂದಿದ್ದಾರೆ." ಪ್ರಿಂಟನ್ನು ಮಗನ ಕಡೆ ಚಾಚಿದರು. "ಸುಧಾ, ಜನವರಿಯಲ್ಲಿ ದೋಣಿ ಎಲ್ಲಿ ಇರ್ತದೆ?"

ಸುಧಾಕರ ಪ್ರಿಂಟನ್ನು ಕೈಗೆ ತೆಗೆದುಕೊಂಡ.

"ನೀರಿನಲ್ಲಿ ಇರ್ತದೆ. ಇಲ್ಲದಿದ್ದರೆ ನೀರು ಮುಟ್ಟುವಲ್ಲಿ ಇರ್ತದೆ. ತಾರ್ಲೆ ಬೂತಾಯಿ ಮೀನು ಬರುವ ಹೊತ್ತಿಗೆ ಯಾವ ಮರುಳ ದೋಣಿಗೆ ಮಡಲು ಹೊದೆಸಿ ಕಲ್ಲು ಕಟ್ತಾನೆ? ಇದು ಆಟಿ ತಿಂಗಳ ಫೋಟೋ. ಈ ಮಳೆಯದ್ದು."

ಸುಧಾಕರ ಪ್ರಿಂಟು ನೋಡಿದ. ಆಮೇಲೆ ಅಂಗಳದ ಕಡೆ ನೋಡಿದ. ಅಲ್ಲಿ ಅವರದೇ ಚಿಕ್ಕ ದೋಣಿ ಮಡಲು ಹೊದ್ದು, ಹಗ್ಗದ ತುದಿಗಳಿಗೆ ಕೆಂಪುಕಲ್ಲು ಕಟ್ಟಿಸಿಕೊಂಡು ಮಳೆಯಲ್ಲಿ ನೆನೆಯುತ್ತಿತ್ತು. ಅಂಗಡಿಗೆ ಹೋಗುವಾಗ ಬರುವಾಗ ಅವನು ದಿನಾ ಅದನ್ನು ಸುತ್ತಿಕೊಂಡೇ ನಡೆಯುತ್ತಿದ್ದ. ನಾನೂ ಈಗಷ್ಟೇ ಅದನ್ನು ದಾಟಿ ಬಂದಿದ್ದೆ.

"ದಿನಾ ನೋಡಿ ನೋಡಿ ಕಾಣಲೇ ಇಲ್ಲ" ಎಂದ ಅವನು, ಯಾರಿಗೂ ಅಲ್ಲದಂತೆ. ಆಮೇಲೆ ತಂಗಿಯ ಕಡೆ ತಿರುಗಿದ. "ಶೋಭಾ, ನಾನು ಎಂತ ಎಲ್ಲ ಹೇಳಿಬಿಟ್ಟೆ."

ಅಲ್ಲಿಗೆ ಎಲ್ಲವೂ ಮುಗಿಯಬಹುದಿತ್ತು. ನಾನು ಚಹಾದ ಲೋಟಕ್ಕೆ ಕೈ ಹಾಕಿಯೂ ಆಗಿತ್ತು. ಆದರೆ ಶೋಭಾ ಬಾಗಿಲು ಬಿಟ್ಟು ಬಂದು ತಂದೆಯ ಎದುರು ಬಲೆಯ ಮೇಲೆಯೇ ಕುಳಿತಳು.

"ಅಪ್ಪ, ಆ ಪರೀಕ್ಷೆ ನಾನು ಪಾಸಾಗಿರಲಿಲ್ಲ. ಸುಳ್ಳು ಹೇಳಿದ್ದು." ಈಗ ಅವಳು ಅಳುತ್ತಿದ್ದ ಕಾರಣ ಮಾತು ತುಂಡು ತುಂಡಾಗಿ ಬಂತು. "ಬೊಜ್ಜದ ದಿನ ಒಂದಕ್ಷರ ಓದಲಿಕ್ಕೆ ಆಗಲಿಲ್ಲ. ಮರುದಿನ ಬರೆಯಲಿಕ್ಕೂ ಆಗಲಿಲ್ಲ. ಮೊನ್ನೆ ಪುನಃ ಬರೆದದ್ದು. ಅದು ಚೆನ್ನಾಗಿ ಆಯ್ತು ಅಂತ ಕಾಪುವಿಗೆ ಹೋದದ್ದು."

ಮಳೆ ಜೋರಾಯಿತು. ಸಂಜೀವಣ್ಣ ಬಲೆಯ ಒಂದು ಕಣ್ಣಿಗೆ ಬೆರಳು ಸಿಕ್ಕಿಸಿ ಕುಳಿತಿದ್ದರು. ಬೈಯುತ್ತಾರೆಂದು ನಾನು ಕಾದೆ.

"ಬರುವುದು ಬೇಡ ಅಂತ ಹೇಳಿದ್ದು ನಾನಲ್ವಾ" ಎಂದರು. "ಅಮ್ಮನಿಗೆ ಇವಳ ಓದು ದೊಡ್ಡದು ಅಂತ ನಾನೇ ತೀರ್ಮಾನ ಮಾಡಿದೆ. ಇವಳನ್ನು ಕೇಳಲೇ ಇಲ್ಲ. ಕರೆಯಬೇಕಿತ್ತು ನಾನು." ಸಿಕ್ಕಿಸಿದ ಬೆರಳು ಬಿಡಿಸಿಕೊಂಡು, "ನಿನಗೂ ಬೊಜ್ಜ ಸಿಗಲಿಲ್ಲ, ಪರೀಕ್ಷೆಯೂ ಸಿಗಲಿಲ್ಲ. ತಪ್ಪು ನನ್ನದು ಮಗಾ" ಎಂದರು.

ಅವಳ ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, ಚಹಾ ತಣಿದಿದೆ, ಬಿಸಿ ಮಾಡುತ್ತೇನೆ ಎಂದು ಒಳಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಸಂಜೀವಣ್ಣ ಫೋಟೋವನ್ನು ಮತ್ತೆ ಕೈಗೆತ್ತಿಕೊಂಡರು.

"ಈ ಹುಡುಗ ಎಲ್ಲಿಯವ?"

"ಬಾದಾಮಿ ಕಡೆಯವ. ಅಪ್ಪ ಮಣಿಪಾಲದಲ್ಲಿ ಮೇಸ್ತ್ರಿ."

"ನಗುವುದು ಎಂತಕ್ಕೆ ಇಷ್ಟು?"

ಶೋಭಾ ಮೂಗು ಒರೆಸಿಕೊಂಡಳು. "ದೋಣಿ ನೋಡಿ ಕೇಳಿದ. ಇದಕ್ಕೂ ಥಂಡಿ ಹತ್ತತೈತೇನು, ಹೊಚ್ಚಿ ಮಲಗಿಸ್ಯಾರಲ್ಲ ಅಂತ."

ಸಂಜೀವಣ್ಣ ಮೊದಲು ಮೂಗಿನಲ್ಲಿ ನಕ್ಕರು. ಆಮೇಲೆ ತಡೆಯಲಾಗಲಿಲ್ಲ, ಬಲೆಯೆಲ್ಲ ಅಲುಗಾಡಿತು. "ಹತ್ತದೆ ಮತ್ತೆ? ಎಂಟು ತಿಂಗಳು ನೀರಿನಲ್ಲಿ ಇರುವುದಲ್ವಾ" ಎಂದರು. ಸುಧಾಕರನೂ ನಕ್ಕ. ಕಾಪುವಿನಲ್ಲಿ ಗಾಳಿ ಕದ್ದುಕೊಂಡಿದ್ದ ಆ ಮಾತು ನನ್ನ ಕಿವಿಗೂ ಬಿದ್ದದ್ದು ಆಗಲೇ.

ಹೊರಡುವ ಮೊದಲು ಸಂಜೀವಣ್ಣ ನನ್ನ ಕೈಯಲ್ಲಿದ್ದ ಕ್ಯಾಮೆರಾ ನೋಡಿದರು. "ಅದರಲ್ಲಿ ಈಗ ತಾರೀಖು ಸರಿ ಉಂಟಲ್ವಾ? ಹಾಗಾದರೆ ಒಂದು ತೆಗಿ." ಮಳೆ ಹನಿ ಕಡಿಮೆಯಾದಾಗ ತಂದೆ ಮಗಳು ಅಂಗಳದ ದೋಣಿಯ ಪಕ್ಕ ನಿಂತರು. ತೆಗೆದೆ. ಕ್ಯಾಮೆರಾ ಚೀಲಕ್ಕೆ ಹಾಕುವಾಗ ಅವರು ತಡೆದರು. "ಸೆಲ್ಲು ತೆಗಿ. ತಾರೀಖು ಹೋಗ್ತದೆ ಅಂತ ಒಳಗೇ ಬಿಡಬೇಡ, ಉಪ್ಪುಗಾಳಿ ಬಿಡುವುದಿಲ್ಲ." ತಾವೇ ಒಂದು ತುಂಡು ಪೇಪರು ಹರಿದು ಸೆಲ್ಲುಗಳನ್ನು ಸುತ್ತಿ ಕೊಟ್ಟರು.

ಸೋಮವಾರ ನಾವಿಬ್ಬರೂ ಕಾರ್ಕಳದ ಬಸ್ಸು ಹಿಡಿದೆವು. ಗಣಿತ ಪಾಸಾದ ಸುದ್ದಿ ಬಂದ ದಿನ ಅವಳು ಮೊದಲು ಫೋನು ಮಾಡಿದ್ದು ಮನೆಗೆ. ಆ ಆಲ್ಬಮ್ಮನ್ನು ನಾನು ಅಳಿಸಿಹಾಕಿದೆ. ಆಮೇಲೆ ಆರ್ಕುಟ್ಟೇ ಇಲ್ಲವಾಯಿತು.

ಈಗ ನಾನು ಕಾರ್ಕಳದಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ. ಪ್ರಶ್ನೆ ಓದದೆ ಓಕೆ ಒತ್ತುವವರ ಬೆರಳಿಗೆ ಸ್ಕೇಲಿನಿಂದ ಮೆಲ್ಲನೆ ಒಂದು ಪೆಟ್ಟು ಕೊಡುತ್ತೇನೆ. ಶೋಭಾ ಮಣಿಪಾಲದಲ್ಲಿ ಕೆಲಸದಲ್ಲಿದ್ದಾಳೆ. ಸೆಲ್ಲು ಹಾಕಿ ನೋಡಿದ ದಿನವೇ ಅವಳಿಗೆ ಫೋನು ಮಾಡಿದೆ, ಕ್ಯಾಮೆರಾ ಸಿಕ್ಕಿದೆ, ಕಾರ್ಡಿನಲ್ಲಿ ಫೋಟೋಗಳೂ ಇವೆ ಎಂದೆ. ಆ ಮಳೆಗಾಲದವೇ ಇನ್ನೂರಕ್ಕೂ ಹೆಚ್ಚು ಇದ್ದವು. ಒಂದನ್ನು ಬಿಟ್ಟು ಎಲ್ಲದರ ಮೂಲೆಯಲ್ಲೂ ಜನವರಿ ಒಂದು. ನಿಜವಾದ ಆ ಜನವರಿ ಒಂದರ ಫೋಟೋ ಮಾತ್ರ ಯಾರ ಬಳಿಯೂ ಇಲ್ಲ, ಮಂಚದ ಮೇಲೆ ತೆರೆದ ಪುಸ್ತಕದ ಮುಂದೆ ಅವಳು ಕುಳಿತದ್ದನ್ನು ನಾನಷ್ಟೇ ನೋಡಿದ್ದೇನೆ.

"ಸರಿ ತಾರೀಖಿನದ್ದು ಒಂದೇ ಒಂದು ಉಂಟು" ಎಂದೆ. "ನಿಮ್ಮ ಅಂಗಳದ್ದು."

"ಅದರಲ್ಲಿ ಅಪ್ಪ ನಗ್ತಾ ಇದ್ದಾರಾ?"

"ನಗ್ತಾ ಇದ್ದಾರೆ."

"ನಾನು?"

ಪರದೆ ಚಿಕ್ಕದು, ಕಣ್ಣ ಹತ್ತಿರ ತಂದು ನೋಡಿದೆ. "ನೀನು ಅಳ್ತಾ ಇದ್ದಿ."

"ಹಾಗಾದರೆ ತಾರೀಖು ಸರಿ ಉಂಟು" ಎಂದಳು.

ಫೋನಿಟ್ಟ ಮೇಲೆ ಕ್ಯಾಮೆರಾದ ಹೊಟ್ಟೆ ಬಿಚ್ಚಿ ಸೆಲ್ಲು ತೆಗೆದು, ಕಾಗದದಲ್ಲಿ ಸುತ್ತಿ ಬೇರೆಯಾಗಿಟ್ಟೆ.